ಬೊಕಾಚ್ಚೊನಿಂದ ಶೂದ್ರಕನವರೆಗೆ
ಇಟಲಿಯ ಶೃಂಗಾರ ಹಾಸ್ಯ ಸಿನಿಮಾಗಳ ಬೇರು ಹುಡುಕಿದರೆ 14ನೇ ಶತಮಾನದ ಬೊಕಾಚ್ಚೊ ಸಿಗುತ್ತಾನೆ. ಅವನ ನೂರು ಕತೆಗಳಲ್ಲಿ ಕೆಲವನ್ನು ಆಯ್ದು ನಿರ್ದೇಶಕ ಪಸೋಲಿನಿ 1971ರಲ್ಲಿ ‘ಡೆಕಮೆರಾನ್’ ತೆಗೆದ. ನೇಪಲ್ಸಿನ ಆಡುಮಾತು, ನಟನೆಯ ಗಂಧವಿಲ್ಲದ ಬೀದಿಯ ಮುಖಗಳು. ಚಿತ್ರ ಗೆದ್ದದ್ದೇ ತಡ, ಅಗ್ಗದ ನಕಲುಗಳು ಸಾಲುಗಟ್ಟಿದವು. ದೇಹವೂ ಸರಕಾಯಿತೆಂದು ನೊಂದ ಪಸೋಲಿನಿ 1975ರಲ್ಲಿ ತನ್ನ ಆ ಬಗೆಯ ಚಿತ್ರಗಳನ್ನೇ ನಿರಾಕರಿಸಿ ಬರೆದ. ಹಳೆಯ ಕೃತಿಗೇ ಕೈಹಾಕುವ ಈ ದಾರಿಯನ್ನು ನಮ್ಮ ಗಿರೀಶ ಕಾರ್ನಾಡರು 1984ರ ಹಿಂದಿ ಚಿತ್ರ ‘ಉತ್ಸವ್’ನಲ್ಲಿ ಹಿಡಿದರು, ಆಧಾರ ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’. ಅಲ್ಲಿ ಕಳ್ಳನಾಗಿ ಶಂಕರ್ ನಾಗ್, ಗಣಿಕೆಯರ ಮನೆಯಲ್ಲಿ ಕಾಮಶಾಸ್ತ್ರಕ್ಕೆ ಸಾಮಗ್ರಿ ಕಲೆಹಾಕುವ ವಾತ್ಸ್ಯಾಯನನಾಗಿ ಅಮ್ಜದ್ ಖಾನ್. ನಾಯಕ ಚಾರುದತ್ತ ಗಣಿಕೆ ವಸಂತಸೇನೆಯ ಒಡವೆಗಳನ್ನು ಒಂದೊಂದಾಗಿ ಬಿಚ್ಚುವ ದೃಶ್ಯದಲ್ಲಿ ಅವಸರವೇ ಇಲ್ಲ, ಅಳುಕೂ ಇಲ್ಲ. ಇಟಲಿಯಲ್ಲಿ ಪಸೋಲಿನಿಯನ್ನು ನಕಲು ಮಾಡಿದವರಿಗೆ ದಕ್ಕದೇ ಹೋದದ್ದು ಆ ನಿಧಾನ.