ದುಡಿಯುವ ಕೈ, ನುಡಿಸುವ ಕೈ

ಹಗಲೆಲ್ಲ ಕಂಪ್ಯೂಟರಿನ ಮುಂದೆ ದುಡಿದು ಸಂಜೆ ಪಿಯಾನೋದ ಮುಂದೆ ಕುಳಿತುಕೊಳ್ಳುವವರು ಬೆಂಗಳೂರಿನಂತಹ ನಗರಗಳಲ್ಲಿ ಇಂದು ಅನೇಕರಿದ್ದಾರೆ. ಕಚೇರಿಯ ಕೆಲಸ ಮುಗಿಯಿತು, ಇನ್ನು ಸಂಗೀತವೇ ವಿಶ್ರಾಂತಿ ಎಂದು ಅವರು ಭಾವಿಸುತ್ತಾರೆ. ಮನಸ್ಸಿಗೆ ಅದು ವಿಶ್ರಾಂತಿಯೇ ಹೌದು. ಕೈಗೆ ಮಾತ್ರ ಅಲ್ಲ.

ಇದಕ್ಕೆ ಕಾರಣ ಕೈಯ ರಚನೆಯಲ್ಲಿಯೇ ಇದೆ. ಬೆರಳುಗಳನ್ನು ಮಡಚುವ ಮುಖ್ಯ ಸ್ನಾಯುಗಳಿರುವುದು ಬೆರಳುಗಳಲ್ಲಲ್ಲ, ಮುಂದೋಳಿನಲ್ಲಿ. ಅಲ್ಲಿಂದ ಹೊರಟ ಒಂಬತ್ತು ಸ್ನಾಯುರಜ್ಜುಗಳು ಮಣಿಕಟ್ಟಿನ ಕಿರಿದಾದ ಸುರಂಗವೊಂದರ ಮೂಲಕ ಹಾದು ಬೆರಳುಗಳನ್ನು ತಲುಪುತ್ತವೆ. ಹೆಬ್ಬೆರಳಿಗೂ ಅದರ ನೆರೆಯ ಬೆರಳುಗಳಿಗೂ ಸ್ಪರ್ಶಜ್ಞಾನ ನೀಡುವ ನರವು ಸಾಗುವುದೂ ಅದೇ ಇಕ್ಕಟ್ಟಿನ ದಾರಿಯಲ್ಲಿಯೇ. ಮಣಿಕಟ್ಟನ್ನು ಬಗ್ಗಿಸಿಟ್ಟರೆ ಆ ಸುರಂಗದೊಳಗಿನ ಒತ್ತಡ ಏರುತ್ತದೆ. ಅಕ್ಷರ ಒತ್ತುವಾಗ ದುಡಿಸಿದ ರಜ್ಜುಗಳನ್ನೇ ಸ್ವರ ನುಡಿಸುವಾಗಲೂ ದುಡಿಸಬೇಕು. ಹೊಲ ಎರಡು, ಎತ್ತು ಒಂದೇ.

ಈ ಎರಡು ಯಂತ್ರಗಳಿಗೂ ಹಳೆಯ ನಂಟುಂಟು. ಅಮೆರಿಕದ ಷೋಲ್ಸ್ ಮತ್ತು ಅವನ ಸಂಗಡಿಗರು 1868ರಲ್ಲಿ ಹಕ್ಕುಪತ್ರ ಪಡೆದ ಬೆರಳಚ್ಚು ಯಂತ್ರದ ಕೀಲಿಗಳು ಪಿಯಾನೋದ ಕೀಲಿಗಳನ್ನೇ ಹೋಲುತ್ತಿದ್ದವು. ಆದರೆ ನುಡಿಸುವ ಬಗೆ ಬೇರೆ. ಪಿಯಾನೋದ ಕೀಲಿ ಸುಮಾರು 10 ಮಿಲಿಮೀಟರಿನಷ್ಟು ಆಳಕ್ಕೆ ಇಳಿಯುತ್ತದೆ. ನುರಿತ ವಾದಕನು ಅದಕ್ಕೆ ತೋಳಿನ ಭಾರವನ್ನು ಬಳಸಿಕೊಳ್ಳುತ್ತಾನೆ. ಮಣಿಕಟ್ಟನ್ನು ತೇಲಲು ಬಿಡುತ್ತಾನೆ. ಕಂಪ್ಯೂಟರಿನ ಮುಂದಾದರೋ ತೋಳು ಮೇಜಿನ ಮೇಲೆ ಜಡವಾಗಿ ಬಿದ್ದಿರುತ್ತದೆ, ಬೆರಳುಗಳಷ್ಟೇ ಚಡಪಡಿಸುತ್ತವೆ. ಹಗಲೆಲ್ಲ ಬಿಗಿತವನ್ನು ರೂಢಿಸಿಕೊಂಡ ಕೈ ಸಂಜೆ ಒಮ್ಮೆಲೇ ಸಡಿಲಗೊಳ್ಳುವುದೆಂದು ನಿರೀಕ್ಷಿಸುವುದು ಹೇಗೆ? ಜೋಮು ಹಿಡಿದ ಬೆರಳಿನಿಂದ ಮೆಲುದನಿಯ ಸ್ವರವನ್ನು ಅಳೆದು ಹೊರಡಿಸುವುದಂತೂ ಬಲು ಕಷ್ಟ.

ಇದು ಕಂಪ್ಯೂಟರ್ ಯುಗದ ಹೊಸ ಪೀಡೆಯೇನೂ ಅಲ್ಲ. ಇಟಲಿಯ ವೈದ್ಯ ರಾಮಾಝೀನಿಯು 1713ರಷ್ಟು ಹಿಂದೆಯೇ ಲಿಪಿಕಾರರ ಕೈನೋವನ್ನು ಕುರಿತು ಬರೆದು, ಒಂದೇ ಬಗೆಯ ಎಡೆಬಿಡದ ಚಲನೆಯೇ ಅದಕ್ಕೆ ಕಾರಣವೆಂದು ಗುರುತಿಸಿದ್ದನು.

ನೋವಿದ್ದರೂ ಅಭ್ಯಾಸ ಬಿಡಬಾರದು ಎಂಬ ಮಾತು ನಮ್ಮಲ್ಲಿ ಸಾಧನೆಯ ಹೆಸರಿನಲ್ಲಿ ಚಲಾವಣೆಯಲ್ಲಿದೆ. ಇದು ಅಪಾಯಕರವಾದ ಮಾತು. ಅಮೆರಿಕದ ಹೆಸರಾಂತ ಪಿಯಾನೋ ವಾದಕ ಲಿಯಾನ್ ಫ್ಲೈಷರ್ ಅವರ ಬಲಗೈಯ ಕೊನೆಯ ಎರಡು ಬೆರಳುಗಳು 1960ರ ದಶಕದ ಮಧ್ಯದಲ್ಲಿ ಒಳಕ್ಕೆ ಮಡಚಿಕೊಳ್ಳತೊಡಗಿದವು. ಕೈ ಕೊಟ್ಟ ಸೂಚನೆಯನ್ನು ಲೆಕ್ಕಿಸದೆ ಅವರು ಇನ್ನಷ್ಟು ಅಭ್ಯಾಸ ಮಾಡಿದರು. ಮುಂದೆ ಸುಮಾರು ಮೂವತ್ತು ವರ್ಷ ಅವರ ಪಾಲಿಗೆ ಉಳಿದುದು ಎಡಗೈಯೊಂದಕ್ಕಾಗಿ ರಚಿತವಾದ ಕೃತಿಗಳು, ಬೋಧನೆ ಮತ್ತು ವಾದ್ಯವೃಂದದ ನಿರ್ದೇಶನ. ಅವರದು ಮಿದುಳಿಗೆ ಸಂಬಂಧಿಸಿದ ವ್ಯಾಧಿ, ಮಣಿಕಟ್ಟಿನ ದಣಿವಲ್ಲ ಎಂಬುದು ನಿಜ. ಆದರೂ ನೋವನ್ನು ಗೆಲ್ಲಲು ಹೊರಟ ಹಟಕ್ಕೆ ಅವರು ತೆತ್ತ ಬೆಲೆಯನ್ನು ಅಲ್ಲಗಳೆಯುವಂತಿಲ್ಲ.

ಕೈ ನೊಂದಾಗ ಹೆಚ್ಚಿನವರು ಮೊದಲು ಕೈಬಿಡುವುದು ಸಂಗೀತವನ್ನು. ಅನ್ನ ಕೊಡುವುದು ಕಚೇರಿಯಲ್ಲವೇ? ಈ ಕ್ರಮ ನನಗೆ ಒಪ್ಪಿಗೆಯಿಲ್ಲ. ಎಂಟು ಗಂಟೆಯ ಭಾರವನ್ನು ಹಾಗೆಯೇ ಉಳಿಸಿಕೊಂಡು ಒಂದು ಗಂಟೆಯದನ್ನು ಇಳಿಸಿದರೆ ಕೈಗೆ ದೊರೆಯುವ ನೆಮ್ಮದಿ ಅಲ್ಪವೇ. ಕೀಲಿಮಣೆಯನ್ನು ಮೊಣಕೈಯ ಮಟ್ಟಕ್ಕೆ ತರುವುದು, ನಡುನಡುವೆ ಕೈ ಇಳಿಬಿಡುವುದು, ಆಡಿ ಮುಗಿಸಬಹುದಾದುದನ್ನು ಬರೆಯದಿರುವುದು ಮೊದಲು ಆಗಬೇಕು. ಅಷ್ಟಾದರೂ ಜೋಮು ಉಳಿದರೆ ವೈದ್ಯರನ್ನು ಕಾಣಬೇಕು. ಅವರ ಮುಂದೆ ಪಿಯಾನೋದ ಹೊತ್ತನ್ನಷ್ಟೇ ಅಲ್ಲ, ಕಂಪ್ಯೂಟರಿನ ಹೊತ್ತನ್ನೂ, ಮೊಬೈಲ್ ಫೋನಿನ ಮೇಲೆ ಹೆಬ್ಬೆರಳು ಆಡಿಸಿದ ಹೊತ್ತನ್ನೂ ಮುಚ್ಚಿಡದೆ ಹೇಳಬೇಕು.