ದ್ವೀಪ ಎಣಿಸ್ಬೇಡಿ, ಹೊತ್ತು ಎಣಿಸಿ

ನಮ್ಮ ಮನೇಲಿ ಹದಿನೈದು ದಿನದಿಂದ ಒಂದೇ ಜಗಳ. ಕಡಲೆಕಾಯಿ ರೇಟಿಗಲ್ಲ, ಬೋರಿನ ಮೋಟ್ರು ಸುಟ್ಟಿದ್ದಕ್ಕೂ ಅಲ್ಲ. ಹಡಗಿಗೆ! ಐ.ಡಿ.ಹಳ್ಳೀಲಿ ಕೂತ್ಕೊಂಡು ಹಡಗಿನ ವಿಷಯಕ್ಕೆ ಮುನಿಸ್ಕೊಳ್ಳೋ ಮನೆ ನಮ್ಮದೊಂದೇ ಇರಬೇಕು. ನಮ್ಮ ಕಡೆ ಹೊಳೆ ಅಂದ್ರೆ ಜಯಮಂಗಲಿ. ಅದ್ರಾಗೂ ವರ್ಷದಲ್ಲಿ ಬಹಳ ದಿನ ಮರಳೇ ಕಾಣೋದು.

ವಿಷಯ ಇಷ್ಟೇ. ಅತ್ತೆಗೆ ಎಪ್ಪತ್ತೆರಡು ತುಂಬ್ತು. ಬೆಂಗಳೂರಲ್ಲಿರೋ ಮಗ, "ಅಜ್ಜೀನ ಈ ಸಲ ಹಡಗಲ್ಲಿ ಕರ್ಕೊಂಡು ಹೋಗಾನ, ದ್ವೀಪ ತೋರಿಸಾನ" ಅಂತ ಮೂರು ಪಟ್ಟಿ ಮಾಡಿ ಮನೆ ಗ್ರೂಪಿಗೆ ಹಾಕಿದ. ಒಂದನೇದು: ಸಿಂಗಾಪುರಕ್ಕೆ ವಿಮಾನ, ಅಲ್ಲಿಂದ ಹಡಗು, ಪೆನಾಂಗ್, ಪುಕೆಟ್, ತಿರುಗಾ ಸಿಂಗಾಪುರ. ಎರಡನೇದು: ಮುಂಬೈನಿಂದ ದೊಡ್ಡ ಖಾಸಗಿ ಹಡಗಲ್ಲಿ ಲಕ್ಷದ್ವೀಪಕ್ಕೆ ಹೋಗಿ ಬರೋದು, ನಾಕು ರಾತ್ರಿ. ಮೂರನೇದು: ಕೊಚ್ಚಿಯಿಂದ ಲಕ್ಷದ್ವೀಪದ ಸರ್ಕಾರಿ ಹಡಗು. 'ಸಮುದ್ರಂ' ಅಂತ ಆ ಟೂರಿನ ಹೆಸರು. ಐದು ದಿನ, ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರು ದ್ವೀಪ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಲ್ಲಿ.

ಗ್ರೂಪಲ್ಲಿ ಓಟು ಬಿದ್ದಿದ್ದು ನೋಡ್ಬೇಕಿತ್ತು ನೀವು. ಸಿಂಗಾಪುರಕ್ಕೆ ಆರು, ಮುಂಬೈಗೆ ಮೂರು, ಕೊಚ್ಚಿಗೆ ನಂದೊಂದೇ. ಸಿಂಗಾಪುರಕ್ಕೆ ಯಾಕಪ್ಪಾ ಅಂದ್ರೆ ನಾದಿನಿ ಬರೆದ್ಲು: "ಒಂದೇ ದುಡ್ಡಿಗೆ ಮೂರು ದೇಶ ಆಗ್ತದಲ್ಲ ಅತ್ತಿಗೆ!" ಆ 'ಆಗ್ತದಲ್ಲ' ಅನ್ನೋ ಮಾತಿಗೇ ನಂಗೆ ಸಿಟ್ಟು ಬಂದಿದ್ದು. ದೇಶ ಆಗೋದು ಅಂದ್ರೇನು? ಅದೇನು ಪಡಿತರ ಕಾರ್ಡಿಗೆ ಹೆಬ್ಬೆಟ್ಟು ಒತ್ತಿ ಬಂದಂಗಾ?

ಈ ಎಣಿಸೋ ಕಾಯಿಲೆ ನಮಗೆ ಹಡಗಿಂದ ಬಂದಿದ್ದಲ್ಲ, ಟೆಂಪೋ ಟ್ರಾವೆಲರ್‌ನಿಂದ ಬಂದಿದ್ದು. ಎಲ್ಡು ದಿನಕ್ಕೆ ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿ, ಕೊಲ್ಲೂರು, ಹೊರನಾಡು, ಶೃಂಗೇರಿ. ಬೆಳಗಿನ ಜಾವ ಮೂರಕ್ಕೆ ಎಬ್ಬಿಸ್ತಾರೆ, ಕ್ಯೂನಲ್ಲಿ ನಿಲ್ಲಿಸ್ತಾರೆ, ಊಟ ಆದ ಕೂಡ್ಲೇ ಹತ್ತಿಸ್ಕೊಂತಾರೆ. ಊರಿಗೆ ಬಂದ್ಮೇಲೆ ಯಾವ ದೇವಸ್ಥಾನದ ಮುಂದೆ ಕೆರೆ ಇತ್ತು, ಯಾವುದರ ಮುಂದೆ ಹೊಳೆ ಇತ್ತು ಅಂತ ಕೇಳಿದ್ರೆ ಒಬ್ಬರಿಗೂ ನೆನಪಿಲ್ಲ. "ಏಳು ಆಯ್ತು" ಅನ್ನೋದು ಮಾತ್ರ ನೆನಪೈತೆ.

ಎಲ್ಡು ವರ್ಷದ ಹಿಂದೆ ಅಂಥದ್ದೇ ಟ್ರಿಪ್ಪಲ್ಲಿ ಅತ್ತೆ ಮೊದಲ ಸಲ ಸಮುದ್ರ ನೋಡಿದ್ದು, ಮಲ್ಪೇಲಿ. ಪಟ್ಟಿ ಪ್ರಕಾರ ಇಪ್ಪತ್ತು ನಿಮಿಷ. ಅತ್ತೆ ಸೀರೆ ನೆರಿಗೆ ಎತ್ತಿ ಹಿಡ್ಕೊಂಡು, ಮೆಲ್ಲಗೆ ನೀರಿನ ತಾವ ಹೋಗಿ, ಬಗ್ಗಿ ಬೊಗಸೆ ಒಡ್ಡೋ ಹೊತ್ತಿಗೆ ಡ್ರೈವರ್ ಹಾರನ್ ಹೊಡೆದ. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಂಗೆ. ಎದುರಿಗೇ ಸೇಂಟ್ ಮೇರಿ ದ್ವೀಪ. ಕಂಬ ಕಂಬವಾಗಿ ನಿಂತಿರೋ ಲಾವಾ ಕಲ್ಲು ಐತೆ ಅಲ್ಲಿ, ಮಲ್ಪೆಯಿಂದ ದೋಣೀಲಿ ಹೋಗಿ ಬರಬಹುದು. "ಅದು ಪಟ್ಟೀಲಿ ಇಲ್ಲ" ಅಂದ್ರು. ಅತ್ತೆ ವ್ಯಾನಲ್ಲಿ ಕೂತ್ಕೊಂಡು ಒದ್ದೆ ಕೈ ಒರೆಸದೆ ಹಂಗೇ ಮಡಿಲಲ್ಲಿ ಇಟ್ಕೊಂಡಿದ್ರು. ಅವರ ಜೀವಮಾನದ ಸಮುದ್ರ ಅಷ್ಟೇ, ಇಪ್ಪತ್ತು ನಿಮಿಷ. ಅದಕ್ಕೇ ಈ ಸಲ ನಾನು ಹಟಕ್ಕೆ ಬಿದ್ದಿರೋದು.

ಮೂರು ಪಟ್ಟೀನೂ ಮುಂದಿಟ್ಕೊಂಡು, ಹಾಲಿನ ಲೆಕ್ಕ ಬರೆಯೋ ಪುಸ್ತಕದ ಹಿಂದಿನ ಹಾಳೇಲಿ ಗೆರೆ ಎಳೆದು, ನೆಲದ ಮೇಲೆ ಕಾಲಿಟ್ಟು ಇರೋ ಹೊತ್ತು ಎಷ್ಟು ಅಂತ ಬರ್ಕೊಂಡೆ. ಮುಂಬೈ ಪಟ್ಟೀಲಿ ಒಂದು ದಿನ ಪೂರ್ತಿ ಹೋಗೋಕೆ, ಒಂದು ದಿನ ಪೂರ್ತಿ ಬರೋಕೆ. ನಡುವೆ ದ್ವೀಪ ಅನ್ನೋದು ಒಂದು ಹಗಲು. ಅದ್ರಲ್ಲೂ ಹಡಗು ದಡಕ್ಕೆ ಬರಲ್ಲ. ಹವಳದ ದಿಬ್ಬದ ಒಳಗಿನ ನೀರು ಆಳ ಇಲ್ಲದ್ದರಿಂದ ದೊಡ್ಡ ಹಡಗು ಆಚೆಗೇ ನಿಲ್ಲಬೇಕು, ಜನ ಸಣ್ಣ ದೋಣೀಲಿ ಸರತಿ ಮೇಲೆ ಇಳೀಬೇಕು. ಸಾವಿರಾರು ಜನ ಸರತಿ ಮೇಲೆ ಇಳಿದು, ಸರತಿ ಮೇಲೆ ಹತ್ತಿ, ಉಳಿಯೋ ಹೊತ್ತು ಎಷ್ಟು ನೀವೇ ಹೇಳಿ. ಸಿಂಗಾಪುರದ ಪಟ್ಟೀಲೂ ಹಂಗೇ. ಪೆನಾಂಗ್ ಕೆಟ್ಟ ಊರಲ್ಲ, ಹಡಗು ಜಾರ್ಜ್‌ಟೌನ್ ಪೇಟೆ ಮಗ್ಗುಲಿಗೇ ಬಂದು ನಿಲ್ತದಂತೆ. ಆದ್ರೆ ಅರ್ಧ ದಿನದಲ್ಲಿ ಏನ್ ನೋಡ್ತೀರ? ಕೊಚ್ಚಿ ಪಟ್ಟೀಲಿ ಮೂರು ಹಗಲು, ಮೂರು ದ್ವೀಪ, ಬೆಳಗ್ಗೆ ಇಳಿದ್ರೆ ಸಾಯಂಕಾಲದ ತನಕ. ಮಧ್ಯಾಹ್ನದ ಊಟವೂ ದ್ವೀಪದಲ್ಲೇ. ಮಿಕ್ಕ ಎರಡೂ ಪಟ್ಟೀಲಿ ನಾವು ದುಡ್ಡು ಕೊಡ್ತಿರೋದು ಹಡಗಿಗೆ. ದ್ವೀಪ ಊಟದ ಎಲೆ ತುದೀಲಿ ಬಡಿಸೋ ಉಪ್ಪಿನಕಾಯಿ ಇದ್ದಂಗೆ.

"ಅಮ್ಮಾ, ಹಡಗೇ ಒಂದು ನೋಡೋ ಜಾಗ" ಅಂದ ಮಗ. ಈಜುಕೊಳ, ನಾಟಕ, ಹಾಡು, ಕುಣಿತ, ಲಿಫ್ಟು. ಆಯ್ತಪ್ಪ, ಬೇಡ ಅನ್ನಲ್ಲ. ಸಮುದ್ರದ ಮೇಲೆ ನಿಂತ್ಕೊಂಡು ಈಜುಕೊಳ ನೋಡೋಕೆ ಹೋಗ್ಬೇಕಾ ಅನ್ನೋದಷ್ಟೇ ನನ್ನ ಪ್ರಶ್ನೆ. ಹಡಗನ್ನೇ ನೋಡ್ಬೇಕು ಅಂತ ಆಸೆ ಇರೋರು ಹೋಗ್ಲಿ, ಅದು ತಪ್ಪಲ್ಲ. ದ್ವೀಪಕ್ಕೆ ಹೋಗ್ತೀವಿ ಅಂತ ಹೇಳ್ಕೊಂಡು ಹೋಗೋದು ತಪ್ಪು.

ಅವರ ಕಡೆ ನ್ಯಾಯ ಇರೋದು ಒಂದು ಮಾತಲ್ಲಿ. ಮಂಡಿ ನೋವಿನೋರಿಗೆ, ಬಿ.ಪಿ. ಇರೋರಿಗೆ ದೊಡ್ಡ ಹಡಗೇ ಸಲೀಸು. ಅಲೆ ಎದ್ರೆ ಅದು ಅಷ್ಟಾಗಿ ಅಲುಗಾಡಲ್ಲ, ರೂಮು ಒಪ್ಪವಾಗಿರ್ತದೆ, ಊಟಕ್ಕೆ ನೂರು ಥರ. ಸರ್ಕಾರಿ ಹಡಗು ದ್ವೀಪದ ಜನ ಆಸ್ಪತ್ರೆಗೆ, ಓದೋಕೆ, ಮದುವೆಗೆ ಓಡಾಡೋ ಹಡಗು. ಅಲ್ಲಿ ಮಡಿಸಿದ ಟವೆಲ್ಲು ಹಂಸ ಆಗಿ ಕೂತಿರಲ್ಲ. ಅದರಿಂದಲೂ ದೋಣಿಗೆ ಇಳಿದೇ ದಡಕ್ಕೆ ಹೋಗ್ಬೇಕು. ಅತ್ತೆ ಮಂಡಿಗೆ ಅದು ಆಗ್ತದಾ ಅಂತ ನಂಗೂ ರಾತ್ರಿ ಯೋಚನೆ ಐತೆ. ಸುಳ್ಳು ಯಾಕೆ ಹೇಳಲಿ?

ಈ ಜಗಳ ಎಲ್ಲಾ ಕೇಳಿಸ್ಕೊಂಡು ಅತ್ತೆ ಮೊನ್ನೆ ಒಂದೇ ಮಾತು ಕೇಳಿದ್ರು. "ಸುತ್ತ ಉಪ್ಪುನೀರು ಅಂತೀರಲ್ಲ, ಅಲ್ಲಿ ಕುಡಿಯೋ ನೀರು ಎಲ್ಲಿಂದ ಬತ್ತದೆ?"

ಗ್ರೂಪಲ್ಲಿ ಹತ್ತು ಜನ, ಇನ್ನೂರು ಮೆಸೇಜು. ಒಬ್ಬರೂ ಇದನ್ನ ಕೇಳಿರಲಿಲ್ಲ. ಅದನ್ನ ಕೇಳಿದ್ದು ಅರ್ಧ ಆಯಸ್ಸು ಬಿಂದಿಗೆ ಹೊತ್ತ ಹೆಂಗಸು. ನಮ್ಮ ಮಧುಗಿರಿ, ಪಾವಗಡದ ಕಡೆ ಸಾವಿರ ಅಡಿ ಕೊರೆದ್ರೂ ಬರೋದು ಫ್ಲೋರೈಡ್ ನೀರು. ಕ್ಯಾನ್ ಹಿಡ್ಕೊಂಡು ಶುದ್ಧ ನೀರಿನ ಘಟಕದ ಮುಂದೆ ನಿಲ್ಲೋರು ನಾವು.

ಹುಡುಕಿ ಓದಿದೆ. ಲಕ್ಷದ್ವೀಪದಲ್ಲಿ ನದಿ ಇಲ್ಲ, ಹೊಳೆ ಇಲ್ಲ. ಮಳೆ ನೀರು ಹವಳದ ಮರಳಲ್ಲಿ ಇಂಗಿ, ಒಳಗಿರೋ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲ್ತಾ ಇರ್ತದೆ, ಹಾಲಿನ ಮೇಲೆ ಕೆನೆ ಇದ್ದಂಗೆ. ಬಾವೀಲಿ ಸಿಗೋದು ಅದೇ. ಜಾಸ್ತಿ ಎಳೆದ್ರೆ ಕೆಳಗಿನ ಉಪ್ಪು ಮೇಲೆ ಬರ್ತದೆ. ಅದಕ್ಕೇ 2005ರಲ್ಲಿ ಕವರತ್ತೀಲಿ ಸಮುದ್ರದ ನೀರನ್ನ ಸಿಹಿ ಮಾಡೋ ಸ್ಥಾವರ ಹಾಕಿದ್ರು, ದಿನಕ್ಕೆ ಒಂದು ಲಕ್ಷ ಲೀಟರಿಂದು. ಮೇಲಿನ ಬೆಚ್ಚಗಿನ ನೀರನ್ನ ಗಾಳಿ ತೆಗೆದ ತೊಟ್ಟೀಲಿ ಆವಿ ಮಾಡಿ, ಆಳದಿಂದ ಎಳೆದ ತಣ್ಣೀರಿಂದ ಆ ಆವೀನ ತಣಿಸಿ, ಹನಿ ಹನಿ ಕೂಡಿಸೋದು. ಕವರತ್ತೀಲಿ 2011ರ ಗಣತಿಗೆ ಸುಮಾರು ಹನ್ನೊಂದು ಸಾವಿರ ಜನ. ತಲೆಗೆ ಎಷ್ಟು ಬಿಂದಿಗೆ ಬಿತ್ತು ಅಂತ ನಮ್ಮೂರ ಹೆಂಗಸರು ಬೆರಳಲ್ಲೇ ಲೆಕ್ಕ ಹಾಕ್ತಾರೆ. ಹತ್ತು ದ್ವೀಪದಲ್ಲಿ ಜನ ಅವ್ರೆ, ಎಲ್ಲಾ ದ್ವೀಪದ ನೆಲ ಸೇರಿಸಿದ್ರೂ 32 ಚದರ ಕಿಲೋಮೀಟರು. ಅಂಥಾ ಕಡೆಗೆ ಸಾವಿರಾರು ಜನ ಒಟ್ಟಿಗೆ ಇಳಿದು, ಫೋಟೋ ಹೊಡೆದು, ಪ್ಲಾಸ್ಟಿಕ್ ಬಾಟಲು ಬಿಸಾಕಿ, ಮೂರು ಗಂಟೇಲಿ ಎದ್ದು ಹೋದ್ರೆ ಆ ಊರಿಗೆ ಬಂದಿದ್ದೇನು, ಹೋಗಿದ್ದೇನು?

ದೂರದ ಮಾತು ಬೇಡ, ನಮ್ಮ ಮೈದನಹಳ್ಳೀನೇ ನೋಡಿ. ಕೃಷ್ಣಮೃಗ ನೋಡೋಕೆ ಭಾನುವಾರ ಬೆಂಗಳೂರಿಂದ ಕಾರು ಬರ್ತವೆ. ಒಂದು ಗಂಟೆ, ನೂರು ಫೋಟೋ, ಹುಲ್ಲಲ್ಲಿ ಚಿಪ್ಸ್ ಪಾಕೀಟು, ಹೊರಟ್ರು. ಅವರಿಗೆ ನಮ್ಮ ಹೋಬಳಿ 'ಆಯ್ತು'. ಆದ್ರೆ ಯಾವಾಗ್ಲೋ ಒಬ್ಬರು ಬಂದು ಮರದ ಕೆಳಗೆ ಕೂತು, "ಬೇಸಿಗೇಲಿ ಇವು ನೀರಿಗೆ ಎಲ್ಲಿ ಹೋಗ್ತವೆ?" ಅಂತ ದನ ಕಾಯೋನ ಜೊತೆ ಸಾಯಂಕಾಲದ ತನಕ ಮಾತಾಡಿ ಹೋಗ್ತಾರೆ. ಅಂಥೋರಿಗೆ ನಾವೇ ಕರೆದು ಮಜ್ಜಿಗೆ ಕೊಡ್ತೀವಿ. ಬೇರೆಯೋರ ಊರಿಗೆ ಹೋದಾಗ ನಾವು ಯಾವ ಥರದೋರು ಆಗ್ಬೇಕು ಅಂತ ನಾವೇ ತೀರ್ಮಾನ ಮಾಡ್ಬೇಕು.

"ಲಕ್ಷದ್ವೀಪ ನಮ್ಮ ದೇಶದ್ದೇ, ಅದ್ರಲ್ಲೇನು ಹೊಸದು" ಅಂದ್ಲು ನಾದಿನಿ. ದೇಶದ್ದಷ್ಟೇ ಅಲ್ಲ ಕಣಮ್ಮ, ಮಂಗಳೂರಿಗೆ ಸೇರಿದ್ದೂ ಹೌದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದೂ 1787ರ ಹೊತ್ತಿಗೆ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯೋರ ಕೈಗೆ ಹೋಗಿ, 1956ರ ನವೆಂಬರ್ 1ರವರೆಗೂ ದಕ್ಷಿಣ ಕನ್ನಡ ಜಿಲ್ಲೇಲೇ ಇದ್ವು. ಅವರು ತೆಂಗಿನ ನಾರು ತಂದು ಕೊಡೋರು, ಮಂಗಳೂರಿಂದ ಅಕ್ಕಿ ಒಯ್ಯೋರು. ಇವತ್ತಿಗೂ ಮಂಗಳೂರು ಹಳೇ ಬಂದರಿನಿಂದ ಮಂಜಿಗಳಲ್ಲಿ ತರಕಾರಿ, ಜಲ್ಲಿ, ಸಿಮೆಂಟು ಹೋಗ್ತದೆ. ಇನ್ನು ಮಿನಿಕಾಯ್ ಬೇರೆಯದೇ ಲೋಕ. ಮಾತು ಮಹಲ್, ಮಾಲ್ಡೀವ್ಸಿನ ಮಾತಿನದೇ ಬಳಗ. 1885ರ ದೀಪಸ್ತಂಭ ಇನ್ನೂ ನಿಂತೈತೆ. ಸೂರೆ ಮೀನು ಬೇಯಿಸಿ, ಹೊಗೆ ಹಾಕಿ, ಒಣಗಿಸಿ 'ಮಾಸ್' ಮಾಡ್ತಾರೆ. ಇಷ್ಟೆಲ್ಲಾ ಇರೋ ಊರು ಮೂರು ಗಂಟೇಲಿ 'ಆಗೋದು' ಹೆಂಗೆ? ದೇಶ ಸುತ್ತಿ ನೋಡು ಅಂದ ಹಿರೀಕರು ಸುತ್ತು ಅಂತಷ್ಟೇ ಹೇಳಿ ಸುಮ್ಮನಾಗಲಿಲ್ಲ, ನೋಡು ಅಂತಲೂ ಹೇಳವ್ರೆ.

ನಿಮ್ಮ ಮನೇಲೂ ಇಂಥ ಪಟ್ಟಿ ಬಂದ್ರೆ ದುಡ್ಡು ಕಟ್ಟೋಕೆ ಮುಂಚೆ ನಾಕು ಮಾತು ಕೇಳಿ. ನೆಲದ ಮೇಲೆ ಒಟ್ಟು ಎಷ್ಟು ಗಂಟೆ? ದಡಕ್ಕೆ ಇಳಿಸೋದು ಹೆಂಗೆ, ಅಲೆ ಜಾಸ್ತಿ ಇದ್ದು ಇಳಿಸದಿದ್ರೆ ದುಡ್ಡಿನ ಗತಿ ಏನು? ತೋರಿಸಿರೋ ರೇಟಲ್ಲಿ ತೆರಿಗೆ, ಬಂದರಿನ ಶುಲ್ಕ, ದಡದ ಮೇಲಿನ ಸುತ್ತಾಟ ಎಲ್ಲಾ ಸೇರೈತಾ? ಮಧ್ಯಾಹ್ನದ ಊಟ ಮಾಡಿ ಹಾಕೋರು ಆ ಊರೋರಾ? ಲಕ್ಷದ್ವೀಪಕ್ಕಾದ್ರೆ ಪ್ರವೇಶದ ಪರ್ಮಿಟ್ ಬೇಕೇ ಬೇಕು. ಮಳೆಗಾಲದಲ್ಲಿ ಟೂರಿನ ಹಡಗು ನಿಲ್ಲಿಸಿರ್ತಾರೆ. ಹೊರಡೋ ದಿನ ಖಾತ್ರಿ ಮಾಡ್ಕೊಳ್ದೆ ರೈಲು ಟಿಕೆಟ್ ತೆಗೀಬೇಡಿ.

ಮಗ ನೆನ್ನೆ ಫೋನ್ ಮಾಡಿದ್ದ. "ಆಯ್ತಮ್ಮ, ಕೊಚ್ಚೀನೇ. ಮೊದಲು ಅಜ್ಜಿ ಮಂಡಿ ಡಾಕ್ಟರಿಗೆ ತೋರಿಸು. ದೋಣಿ ಇಳಿಯೋದು ಬೇಡ ಅಂದ್ರೆ ಮಲ್ಪೇಲೇ ರೂಮು ಮಾಡಿ ನಾಕು ದಿನ ಇರಾನ." ನಂಗೆ ಅದೂ ಒಪ್ಪಿಗೆ. ಒಂದೇ ದಡದಲ್ಲಿ ನಾಕು ದಿನ ಕೂತ್ರೆ ಒಂದು ದೇಶವೂ ಆಗಲ್ಲ, ಆಗದಿದ್ರೆ ಬೇಡ.

ಸೋಮವಾರ ಮಧುಗಿರಿಗೆ ಹೋಗ್ತಿದೀವಿ, ಡಾಕ್ಟರ ಹತ್ರ. ಹಂಗೇ ಪರ್ಮಿಟ್ಟಿಗೆ ಅತ್ತೇದು ಫೋಟೋನೂ ತೆಗೆಸ್ಬೇಕು. ಯಾವ ಸೀರೆ ಉಟ್ಕೊಳ್ಳೋದು ಅಂತ ಈಗ್ಲೇ ಪೆಟ್ಟಿಗೆ ತೆಗೆದು ಕೂತವ್ರೆ.