ಬೋರ್ಡು ಬದಲಾದರೆ ಬದುಕು ಬದಲಾದೀತೆ?

ಹೋಟೆಲಿನ ಬೋರ್ಡು ಬದಲಾಗುವುದನ್ನು ನಾವು ಎಷ್ಟು ಸಲ ನೋಡಿಲ್ಲ! ಮಾಟುಂಗದಿಂದ ಫೋರ್ಟಿನ ವರೆಗೆ ನಮ್ಮವರು ದುಡಿದ ಎಷ್ಟೋ ಹೋಟೆಲುಗಳು ಒಬ್ಬ ಮಾಲಕನಿಂದ ಇನ್ನೊಬ್ಬನ ಕೈಗೆ ಹೋದವು. ಹೊಸ ಬಣ್ಣ, ಹೊಸ ಹೆಸರು, ಗಲ್ಲೆಯ ಮೇಲೆ ಹೊಸ ದೇವರ ಪಟ. ಒಳಗೆ ಕಾವಲಿಯ ಮುಂದೆ ನಿಂತವನು ಮಾತ್ರ ಹಳಬನೇ. ಅವನನ್ನು ಕೇಳಿ ಯಾರೂ ಮಾರಲಿಲ್ಲ, ಅವನನ್ನು ಕೇಳಿ ಯಾರೂ ಕೊಳ್ಳಲಿಲ್ಲ. ಬಾಂಧವರೇ, ಈ ಅನುಭವವುಳ್ಳ ನಮಗೆ 2022ರಲ್ಲಿ ರಶಿಯಾದಲ್ಲಿ ನಡೆದ ಸಂಗತಿ ಬೇಗನೆ ಅರ್ಥವಾಗಬೇಕಿತ್ತು. ಆದರೆ ನಮ್ಮಲ್ಲಿಯೇ ಕೆಲವರು ಅದನ್ನು ಸ್ವದೇಶೀ ವಿಜಯವೆಂದು ಕೊಂಡಾಡುತ್ತಿರುವುದರಿಂದ ಈ ನಾಲ್ಕು ಮಾತು ಬರೆಯಬೇಕಾಗಿದೆ.

2022ರ ಫೆಬ್ರವರಿ 24ರಂದು ರಶಿಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಆ ದಾಳಿಯನ್ನು ಸಮರ್ಥಿಸುವವರು ನಾವಲ್ಲ. ಅಮೆರಿಕ, ಯುರೋಪುಗಳ ಸರಕಾರಗಳು ಅದರ ಮೇಲೆ ಆರ್ಥಿಕ ನಿರ್ಬಂಧ ಹೇರಿದವು. ಬ್ಯಾಂಕುಗಳ ದಾರಿ ಕಟ್ಟಿತು, ಯಂತ್ರಗಳ ಬಿಡಿಭಾಗ ನಿಂತಿತು. ಹ್ಯಾಂಬರ್ಗರ್ ಮಾರಕೂಡದೆಂದು ಯಾವ ಕಾಯಿದೆಯೂ ಹೇಳಿರಲಿಲ್ಲವೆಂಬುದನ್ನು ನೆನಪಿಡಬೇಕು. ಆದರೆ ಹಣ ಸಾಗಿಸುವುದು ಕಷ್ಟ, ಸರಕು ತರಿಸುವುದು ಕಷ್ಟ, ತಮ್ಮ ಊರಿನಲ್ಲಿ ಹೆಸರು ಕೆಡುವ ಭಯ ಬೇರೆ; ದೊಡ್ಡ ದೊಡ್ಡ ಕಂಪೆನಿಗಳು ಒಂದರ ಹಿಂದೊಂದು ಗಂಟು ಕಟ್ಟಿದವು.

ಮ್ಯಾಕ್‌ಡೊನಾಲ್ಡ್ಸ್ ಕಂಪೆನಿಯ ಕಥೆ ಹೋಟೆಲಿನವರಾದ ನಾವು ತಿಳಿಯತಕ್ಕದ್ದು. 1990ರ ಜನವರಿ 31ರಂದು ಮಾಸ್ಕೋದ ಪುಶ್ಕಿನ್ ಚೌಕದಲ್ಲಿ ಅದರ ಮೊದಲ ಹೋಟೆಲು ತೆರೆದಾಗ ಒಂದೇ ದಿನ ಸುಮಾರು 30 ಸಾವಿರ ಜನ ಸಾಲುಗಟ್ಟಿ ತಿಂದರು. 2022ರ ಹೊತ್ತಿಗೆ ಹೋಟೆಲುಗಳು ಸುಮಾರು 850, ಕೆಲಸಗಾರರು 62 ಸಾವಿರ. ಮಾರ್ಚಿನಲ್ಲಿ ಬಾಗಿಲು ಹಾಕಿದರು. ಬಾಗಿಲು ಹಾಕಿದ ಮೇಲೂ ಪಗಾರ ಕೊಟ್ಟರು. ಇದ್ದದ್ದನ್ನು ಇದ್ದಂತೆ ಹೇಳಬೇಕು. ಮೇ ತಿಂಗಳಲ್ಲಿ ಮಾರಾಟದ ಸುದ್ದಿ ಬಂದಿತು. ಕೊಂಡವನು ಅಲೆಕ್ಸಾಂಡರ್ ಗೋವೋರ್, ಸೈಬೀರಿಯದಲ್ಲಿ ಅದೇ ಕಂಪೆನಿಯ ಪರವಾನಿಗೆಯಿಂದ 25 ಹೋಟೆಲು ನಡೆಸುತ್ತಿದ್ದ ಧನಿಕ. ಜೂನ್ 12, ರಶಿಯಾದ ರಾಷ್ಟ್ರೀಯ ದಿನ, 'ವ್ಕೂಸ್ನೊ ಇ ತೋಚ್ಕಾ' ಎಂಬ ಹೊಸ ಬೋರ್ಡು ಏರಿತು. 'ರುಚಿ, ಅಷ್ಟೇ' ಎಂದು ಅದರ ಭಾವ.

ಇಷ್ಟು ಬೇಗ ಹೇಗಾಯಿತು? ಹೊಸ ಮಾಲಕನ ಜಾಣತನದಿಂದಲ್ಲ. ಬ್ರೆಡ್ಡು, ಮಾಂಸ, ಹಾಲು ಬಹುಮಟ್ಟಿಗೆ ಆ ನೆಲದಲ್ಲೇ ದೊರೆಯುತ್ತಿದ್ದವು. 32 ವರ್ಷ ಪಳಗಿದ ಕೈಗಳು ಅಲ್ಲಿಯೇ ಇದ್ದವು. ಕಂಪೆನಿ ಹೊರಟು ಹೋದಾಗ ಒಯ್ದದ್ದು ಹೆಸರನ್ನು, ಅಡಿಗೆಮನೆಯನ್ನಲ್ಲ. ಆದರೂ ಜುಲೈ ತಿಂಗಳಲ್ಲಿ ಕೆಲವು ಕಡೆ ಬಟಾಟೆಯ ಕರಿದ ತುಂಡೇ ಇಲ್ಲದಾಯಿತು. ಹಿಂದಿನ ವರ್ಷ ಆ ಜಾತಿಯ ಬೆಳೆ ಕೆಟ್ಟಿತ್ತು, ಹೊರಗಿನಿಂದ ತರಿಸುವಂತಿರಲಿಲ್ಲ. ಎಲ್ಲ ಬಟಾಟೆಯೂ ಎಲ್ಲ ಕೆಲಸಕ್ಕೆ ಬರುವುದಿಲ್ಲವೆಂಬುದು ನಮ್ಮ ಭಟ್ಟರಿಗೆ ಹೇಳಿಕೊಡಬೇಕಾದ ಪಾಠವೇ?

ಮೋಟಾರಿನ ಕಾರಖಾನೆಯಲ್ಲಿ ಬಣ್ಣ ಇನ್ನೂ ಬೇಗ ಬಯಲಾಯಿತು. ಫ್ರಾನ್ಸಿನ ರೆನೋ ಕಂಪೆನಿ ತನ್ನ ಮಾಸ್ಕೋ ಕಾರಖಾನೆಯನ್ನು ನಗರಾಡಳಿತಕ್ಕೆ ಹೆಸರಿಗೊಂದು ರೂಬಲ್ಲಿಗೆ ಬಿಟ್ಟು ಹೋಯಿತೆಂದು ಸುದ್ದಿಯಾಯಿತು. ಸೋವಿಯತ್ ಕಾಲದ 'ಮಾಸ್ಕ್ವಿಚ್' ಎಂಬ ಹೆಸರನ್ನು ಎಬ್ಬಿಸಿ ನಿಲ್ಲಿಸಿದರು. ನವೆಂಬರಿನಲ್ಲಿ ಹೊರಬಂದ ಗಾಡಿ ಚೀನಾದ ಜೆ.ಎ.ಸಿ. ಕಂಪೆನಿಯ ಗಾಡಿಯ ಮರುರೂಪ! ಅದೇ ಬೇಸಗೆಯಲ್ಲಿ ಲಾಡಾ ಗ್ರಾಂಟಾ ಕಾರು ಅಪಘಾತದಲ್ಲಿ ಜೀವ ಕಾಯುವ ಗಾಳಿಚೀಲವಿಲ್ಲದೆಯೇ ಮಾರಾಟಕ್ಕೆ ಬಂದಿತು. ಸ್ಟಾರ್‌ಬಕ್ಸ್ ಹೋಗಿ ಸ್ಟಾರ್ಸ್ ಕಾಫಿಯಾಯಿತು. ಅದರ ಮಾತು ಬೇಡ. ಆದರೆ ಐಕಿಯಾ ಎಂಬ ಪೀಠೋಪಕರಣದ ಕಂಪೆನಿ ಬಾಗಿಲು ಹಾಕಿದಾಗ 15 ಸಾವಿರ ಕೆಲಸಗಾರರು ಅದರ ಬಿಸಿಗೆ ಸಿಕ್ಕರು. ಜೂನ್ ತಿಂಗಳಲ್ಲಿ ಕೆಲಸಗಾರರನ್ನು ಕಡಿಮೆ ಮಾಡುತ್ತೇವೆಂದು ಕಂಪೆನಿ ಸಾರಿತು.

'ಮಾರುಕಟ್ಟೆ ನಮ್ಮವರ ಕೈಗೆ ಬಂದಿತಲ್ಲ' ಎನ್ನುವವರನ್ನು ನಾವು ಕೇಳುತ್ತೇವೆ: ನಮ್ಮವರು ಯಾರು? ಗಂಟು ಇದ್ದವನಿಗೆ ಅಗ್ಗದಲ್ಲಿ ಹೋಟೆಲು ಸಿಕ್ಕಿತು. ಗಂಟಿಲ್ಲದವನಿಗೆ ಹೊಸ ಬಣ್ಣದ ಸಮವಸ್ತ್ರ ಸಿಕ್ಕಿತು. ಇತ್ತ, 'ನಿರ್ಬಂಧದಿಂದ ಆಳುವವರಿಗೆ ಪೆಟ್ಟು' ಎನ್ನುವ ಪಂಡಿತರೂ ಇದ್ದಾರೆ. ಕೆಲಸ ಇದೆಯೋ ಹೋಯಿತೋ ಎಂದು ದಿನ ಎಣಿಸಿದ್ದು ಆಳುವವರಲ್ಲ.

ನಮ್ಮ ದೇಶಕ್ಕೂ ಈ ಆಟ ಹೊಸದಲ್ಲ. ಅಲ್ಲಿ ನಿರ್ಬಂಧ, ಇಲ್ಲಿ ನಮ್ಮದೇ ಕಾಯಿದೆ. ಆದರೆ ಪರದೇಶೀ ಹೆಸರು ಹೋಗಿ ಸ್ವದೇಶೀ ಹೆಸರು ಬಂದದ್ದು ಒಂದೇ. 1973ರ ವಿದೇಶೀ ವಿನಿಮಯ ಕಾಯಿದೆಯಂತೆ ಪಾಲನ್ನು ಶೇಕಡಾ 40ಕ್ಕೆ ಇಳಿಸಿರೆಂದು ಜನತಾ ಸರಕಾರವು 1977ರಲ್ಲಿ ಪಟ್ಟು ಹಿಡಿದಾಗ ಕೋಕಾ-ಕೋಲಾ ದೇಶ ಬಿಟ್ಟಿತು. ಆಗಿನ ಕೈಗಾರಿಕಾ ಮಂತ್ರಿ ಜಾರ್ಜ್ ಫರ್ನಾಂಡಿಸ್, ಮಂಗಳೂರಿನ ಹೋಟೆಲು ಕೆಲಸಗಾರರನ್ನು ಸಂಘಟಿಸುತ್ತ ಬೆಳೆದು ಈ ಮುಂಬಯಿಗೆ ಬಂದವರು. ಅವರ ಉದ್ದೇಶವನ್ನು ನಾವು ಹಳಿಯುವುದಿಲ್ಲ. ಮೈಸೂರಿನ ಆಹಾರ ಸಂಶೋಧನಾಲಯ ಸಿದ್ಧಪಡಿಸಿದ 'ಡಬಲ್ ಸೆವೆನ್' ಪಾನೀಯವನ್ನು ಸರಕಾರದ್ದೇ ಆದ ಮಾಡರ್ನ್ ಸಂಸ್ಥೆ ಮಾರುಕಟ್ಟೆಗಿಳಿಸಿತು. ಆದರೆ ಪೇಟೆ ಗೆದ್ದದ್ದು ಪಾರ್ಲೆಯವರ ಥಮ್ಸ್ ಅಪ್. 1993ರಲ್ಲಿ ಕೋಕಾ-ಕೋಲಾ ತಿರುಗಿ ಬಂದು ಆ ಥಮ್ಸ್ ಅಪ್ ಅನ್ನೇ ಕೊಂಡುಕೊಂಡಿತು. ಮಾಡರ್ನ್ ಸಂಸ್ಥೆಯನ್ನು ಸರಕಾರ 2000ದಲ್ಲಿ ಹಿಂದೂಸ್ತಾನ್ ಲೀವರಿಗೆ ಮಾರಿತು. ಸ್ವದೇಶೀ ಎಂಬ ಮಾತು ಹೀಗೆ ದುಡ್ಡಿಗೆ ಬಿಕರಿಯಾಗುವ ಸರಕೂ ಹೌದು.

ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರು ಇದರ ತಲೆಕೆಳಗಾದ ರೂಪವನ್ನೂ ಕಂಡವರು. ಲೋವರ್ ಪರೇಲಿನಲ್ಲಿ ಗಿರಣಿಯ ಹೆಸರು ಮಾಲಿನ ಬಾಗಿಲಿನ ಮೇಲೆ ಉಳಿಯಿತು. ಮಗ್ಗದ ಮುಂದೆ ನಿಂತವರು ಹೋದರು.

ಆದುದರಿಂದ ನಾವು ಕೇಳುವುದಿಷ್ಟೆ. ಯಾವ ಸರಕಾರವೇ ನಿರ್ಬಂಧ ಹೇರಲಿ, ಯಾವ ಕಂಪೆನಿಯೇ ಹೊರಡಲಿ, ಕೈಬದಲಿನ ಕಾಗದದಲ್ಲಿ ಕೊಡುವವನ ಮತ್ತು ಕೊಳ್ಳುವವನ ರುಜುವಿನೊಂದಿಗೆ ಕೆಲಸಗಾರರ ಸಂಘದ ರುಜುವೂ ಇರಬೇಕು. ಇದು ಅತಿಯಾದ ಬೇಡಿಕೆಯೆನ್ನುವವರು ಮಾಸ್ಕೋದ ಕಾಗದವನ್ನೇ ನೋಡಲಿ. ಹೋಟೆಲುಗಳನ್ನು ಮರಳಿ ಕೊಳ್ಳುವ ಹಕ್ಕನ್ನು ಹೊರಟುಹೋದ ಕಂಪೆನಿ 15 ವರ್ಷಕ್ಕೆ ಕಾದಿರಿಸಿಕೊಂಡಿತು. ರೆನೋ ತನ್ನ ಪಾಲಿಗೆ 6 ವರ್ಷ ಬರೆಸಿಕೊಂಡಿತು. ಹೊಸ ಮಾಲಕನು 62 ಸಾವಿರ ಜನರಿಗೆ ಕೊಟ್ಟ ಕೆಲಸದ ಭರವಸೆ 2 ವರ್ಷ. ಆ 2 ವರ್ಷ 2024ರಲ್ಲಿಯೇ ತೀರಿತು. ಒಪ್ಪಂದದ ಲೆಕ್ಕದಲ್ಲಿ ಆ 15 ವರ್ಷ ತೀರುವುದು 2037ಕ್ಕೆ.